ಧಾಬಳಿ ಹೊದ್ದ ಗುಲಾಬಿ

ಬಡಾಯಿ ಕೊಚ್ಚುವ ಚಟವಿರುವವರು ಊಟವಾದ ಕೂಡಲೇ ಮಾತಾಡಬಾರದು. ಹೊಟ್ಟೆ ತುಂಬಿದಾಗ ಮನುಷ್ಯನಿಗೆ ತನ್ನ ಶಕ್ತಿಯ ಬಗ್ಗೆ ಇಲ್ಲದ ನಂಬಿಕೆ ಬಂದುಬಿಡುತ್ತದೆ. ಅಂಥ ಹೊತ್ತಿನಲ್ಲೇ ನಾನು ಎಲೆಯಡಿಕೆ ಜಗಿಯುತ್ತಾ, "ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋಗುವಾಗ ನಿನ್ನ ಜಡೇಲಿ ನಮ್ಮನೆ ಗುಲಾಬಿ ಇರದಿದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ ಕಣೇ" ಎಂದು ಹೆಂಡತಿಗೆ ಮಾತು ಕೊಟ್ಟೆ. ಪೂರ್ತಿ ಬೋಳಿಸಿದರೆ ಆಫೀಸಿನಲ್ಲಿ ಹೇಗೋ ನಿಭಾಯಿಸಬಹುದು, ಅರ್ಧ ಮೀಸೆಗೆ ಏನು ಸಮಜಾಯಿಷಿ ಕೊಡುವುದು? "ಎಡಗಡೇದೋ, ಬಲಗಡೇದೋ?" ಎಂದಷ್ಟೇ ಕೇಳಿ ಅವಳು ಎಲೆ ಎತ್ತಲು ಹೋದಳು.

ಆಗಿನ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಮ್ಮ ಹಿತ್ತಲಿನಾಚೆ ರಾಗಿ ಹೊಲ. ಅಲ್ಲಿಂದ ಹೊರಟ ಗಾಳಿಗೆ ಮೊದಲು ಸಿಗುವವನು ನಾನೇ. ಬಿನ್ನಿಪೇಟೆಯ ಗೆಳೆಯನ ಮನೆಯಿಂದ ತಂದ ಗುಲಾಬಿ ಕಡ್ಡಿಗಳು ಕುಂಡದಲ್ಲಿ ಚಿಗುರಿ, ನಾನು ಮೀಸೆ ತಿರುವತೊಡಗಿದ್ದೇ ತಡ, ಹೇಳದೆ ಕೇಳದೆ ಚಳಿ ಬಂದು ಕೂತಿತು. ಬೆಳಿಗ್ಗೆ ನೋಡಿದರೆ ಒಂದು ಗಿಡದ ಚಿಗುರು ಕಪ್ಪಾಗಿ ಜೋತುಬಿದ್ದಿದೆ! ಕನ್ನಡಿಯ ಮುಂದೆ ನಿಂತು ಮೀಸೆಯ ಎಡಭಾಗವನ್ನು ಮುಚ್ಚಿ ನೋಡಿಕೊಂಡೆ. ಆಮೇಲೆ ಬಲಭಾಗವನ್ನು ಮುಚ್ಚಿ ನೋಡಿಕೊಂಡೆ. ಎರಡೂ ಸಹಿಸುವಂತಿರಲಿಲ್ಲ.

ಸಂಜೆ ಗಿಡಗಳಿಗೆ ಹೊದಿಕೆ ಹುಡುಕಿದೆ. ಗೋಣಿಚೀಲದ ಭಾರಕ್ಕೆ ಚಿಗುರು ಮುರಿಯುತ್ತದೆ. ನನ್ನ ಕಂಬಳಿ ಕೊಡುವಷ್ಟು ತ್ಯಾಗಬುದ್ಧಿ ನನಗಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಸೋದರತ್ತೆಯ ಧಾಬಳಿ. ನಮ್ಮ ಜೊತೆಗೇ ಇದ್ದ ಅತ್ತೆ ಮಹಾ ಮಡಿಯ ಹೆಂಗಸು. ಸ್ನಾನ ಮಾಡಿ ಉಡುವ ಆ ಉಣ್ಣೆ ಬಟ್ಟೆಯನ್ನು ಎತ್ತರದ ಗಳುವಿನ ಮೇಲೆ ಹಾಕಿಟ್ಟಿರುತ್ತಿದ್ದರು, ಬೇರೆ ಯಾರ ಕೈಯೂ ಅದಕ್ಕೆ ಸೋಕಬಾರದು. ಅತ್ತೆ ಹರಿಕಥೆಗೆ ಹೋಗಿದ್ದರು. ನಾನು ಮಡಿಕೋಲಿನಲ್ಲೇ ಧಾಬಳಿಯನ್ನು ಎತ್ತಿ, ಕೋಲಿನಲ್ಲೇ ಕುಂಡಗಳ ಮೇಲೆ ಹರಡಿದೆ. ಅವರು ಏಳುವ ಮೊದಲೇ ವಾಪಸು ಹಾಕುವುದೆಂದು ಲೆಕ್ಕ. ಕಂಬಳಿಯ ಬಿಸಿಯಲ್ಲಿ ಹಾಯಾಗಿ ನಿದ್ದೆ ಹೋದೆ.

"ಯಾರೋ ಇದು ಮಾಡಿದ್ದು!" ಎಂಬ ಅತ್ತೆಯ ಕೂಗಿಗೇ ನನಗೆ ಎಚ್ಚರ.

"ಕೋಲಲ್ಲೇ ಎತ್ತಿದ್ದು ಅತ್ತೆ, ದೇವರಾಣೆಗೂ ಕೈ ಮುಟ್ಟಿಸ್ಲಿಲ್ಲ."

ಅತ್ತೆ ಯೋಚಿಸಿ ತೀರ್ಪು ಕೊಟ್ಟರು: "ಹಾಗಾದ್ರೆ ಧಾಬಳಿ ಕೆಟ್ಟಿಲ್ಲ. ಅದನ್ನ ಹೊದ್ದ ಗಿಡಗಳೂ ಮಡಿಯಾದ್ವು. ಇನ್ಮೇಲೆ ನೀನು ಅವನ್ನ ಮುಟ್ಟಬೇಡ."

ಅಂದಿನಿಂದ ನೀರು ಹಾಕುವವರು ಅವರೇ, ಸಂಜೆ ಹೊದಿಸುವವರೂ ಅವರೇ. ಗಿಡಗಳು ಕೊಬ್ಬಿದವು. ನೆಟ್ಟ ನಾನು ಹೊಸ್ತಿಲಲ್ಲಿ ನಿಂತು ಬೆರಳು ಚಾಚಿದರೂ ಅಡಿಗೆಮನೆಯಿಂದ "ಮುಟ್ಟಬೇಡ!" ಬರುತ್ತಿತ್ತು. ಹಿತ್ತಲಿಗೆ ಬೆನ್ನು ಹಾಕಿ ಒಗ್ಗರಣೆ ಹಾಕುತ್ತಿದ್ದವರಿಗೆ ಅದು ಹೇಗೆ ಕಾಣುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು.

ಸಂಕ್ರಾಂತಿಯ ಬೆಳಿಗ್ಗೆ ಒಂದೇ ಒಂದು ಗುಲಾಬಿ ಅರಳಿತು. ಅತ್ತೆ ದೇವರಿಗೆ ಕೀಳಲು ಹೊರಟಿದ್ದರು. ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಗೋಗರೆದೆ.

"ಮೀಸೆ ಹೋಗತ್ತೆ ಅತ್ತೆ!"

"ಸರಿ, ಬಾವಿ ನೀರು ಸೇದಿ ತಲೆ ಮೇಲೆ ಹುಯ್ಕೊಂಡು, ಒದ್ದೆ ಪಂಚೇಲೇ ಬಂದು ಕಿತ್ಕೋ."

"ಹಂಡೇಲಿ ಬಿಸಿನೀರು ಇದೆಯಲ್ಲ?"

"ಹೂವು ಬೇಕೋ, ಬಿಸಿನೀರು ಬೇಕೋ?"

ಕೊಡ ತಲೆಯ ಮೇಲೆ ಬಗ್ಗಿದಾಗ ನಾನು ಹಾಕಿದ ಕೂಗಿಗೆ ರಾಗಿ ಹೊಲದ ಹಕ್ಕಿಗಳೆಲ್ಲ ಎದ್ದುಹೋದವು. ಹಲ್ಲು ಕಟಕಟಿಸುತ್ತಾ ಹೂವು ಕಿತ್ತೆ. ಗೆದ್ದೆನಲ್ಲ ಎಂದು ನಿಜಕ್ಕೂ ಹೆಮ್ಮೆಯಾಯಿತು.

ಸಂಜೆ ಹೆಂಡತಿ ಗುಲಾಬಿ ಮುಡಿದು ಎಳ್ಳು ಬೀರಿ ಬಂದಳು. ಎಲ್ಲರೂ ಕೇಳಿದರಂತೆ. "ನಮ್ಮತ್ತೆ ಬೆಳೆಸಿದ್ದು ಅಂದೆ" ಎಂದಳು. ನಾನು ಕಂಬಳಿಯ ಮೇಲೆ ಗೋಣಿಚೀಲವನ್ನೂ ಹೊದ್ದು ಗಡಗಡ ನಡುಗುತ್ತಾ ಮಲಗಿದ್ದೆ. ಹಿತ್ತಲಲ್ಲಿ ಗಿಡಗಳು ಧಾಬಳಿಯೊಳಗೆ ಬೆಚ್ಚಗಿದ್ದವು. ಉಳಿಸಿಕೊಂಡ ಮೀಸೆಯ ಮೇಲೆ ಮೂಗು ಧಾರಾಳವಾಗಿ ಸುರಿಯುತ್ತಿತ್ತು. ಅವಳು ಬಗ್ಗಿ ನೋಡಿ, ಸೆರಗಿನಿಂದ ಒರೆಸುತ್ತಾ ಹೇಳಿದಳು:

"ಬೋಳಿಸ್ಕೊಂಡಿದ್ರೆ ಒರೆಸೋಕಾದ್ರೂ ಸುಲಭ ಆಗ್ತಿತ್ತು."