ಫೌಸ್ತೀನೊ ಕೊಟ್ಟ ಮಾತು

ನನ್ನ ಗಂಡ ಫೌಸ್ತೀನೊ ಅಲ್ಪಾಕ ಸಾಕುವವರಿಗೆ ಬುದ್ಧಿ ಹೇಳುತ್ತಾನೆ. ಅಲ್ಪಾಕಗಳನ್ನು ನಾನು ಸಾಕುತ್ತೇನೆ. ನಮ್ಮ ಮನೆಯಲ್ಲಿ ಕೆಲಸ ಇಷ್ಟು ನ್ಯಾಯವಾಗಿ ಹಂಚಿಕೆಯಾಗಿದೆ.

ಅರೆಕಿಪಾ ಪಟ್ಟಣದವರಿಗೆ ಈಚೆಗೆ ಬೆಟ್ಟದ ಮೇಲೆ ಈ ಉದ್ದ ಕತ್ತಿನ ಉಣ್ಣೆಪ್ರಾಣಿಗಳದ್ದೊಂದು ಪುಟ್ಟ ಮಂದೆ ಮಾಡುವ ಶೋಕಿ ಹತ್ತಿದೆ. ಇದು ತಿಳಿದದ್ದೇ ತಡ, ನಮ್ಮ ಗೋಡೆಗೆ 'ನೂತನ ಸಾಕಾಣಿಕೆದಾರರಿಗೆ ಸಮಗ್ರ ಮಾರ್ಗದರ್ಶನ' ಎಂಬ ಬೋರ್ಡು ಬಂತು. (ಬೋರ್ಡಿನ ಹಿಂದೆ ಗೋಡೆ ಬಿರುಕುಬಿಟ್ಟಿದೆ. ಮಣ್ಣು ಮೆತ್ತುವುದು ಸಮಗ್ರದಲ್ಲಿ ಸೇರಿಲ್ಲ.) ಬಿಸಿಲಿಗೆ ಕಂಬಳಿ ಹಾಸಿಕೊಂಡು, ಕೋಕಾ ಎಲೆ ಜಗಿಯುತ್ತ, ಮಾರ್ಗದರ್ಶಕರು ಮೇವು, ಉಣ್ಣೆ, ಹೆರಿಗೆಗಳ ಮೇಲೆ ಉಪನ್ಯಾಸ ಕೊಡುತ್ತಾರೆ. ಅವರು ಖುದ್ದಾಗಿ ಹಾಜರಿದ್ದ ಹೆರಿಗೆ ಒಂದೇ, ಅದು ಅವರಮ್ಮನದ್ದು.

ಇದನ್ನೂ ಸಹಿಸಿದ್ದೆ. ಆದರೆ ಒಂದು ದಿನ ಬಂದು ಹೇಳಿದ:

"ಹಸಿಂತಾ, ಅರೆಕಿಪಾದ ರಾಮಿರೊ ಅವರಿಗೆ ಚಸ್ಕಾನ ಕೊಡ್ತೀವಿ ಅಂತ ಮಾತು ಕೊಟ್ಟುಬಿಟ್ಟೆ."

ಚಸ್ಕಾ ನನ್ನ ಬಿಳಿ ಹೆಣ್ಣು ಅಲ್ಪಾಕ, ತವರಿನಿಂದ ತಂದದ್ದು. ನಮ್ಮಲ್ಲಿ ಹೆಂಡತಿ ತಂದ ಪ್ರಾಣಿ ಹೆಂಡತಿಯದೇ. ಅದರ ಕಿವಿಯಲ್ಲಿ ಅವಳ ಬಣ್ಣದ ದಾರ ಇರುತ್ತದೆ.

"ಅವಳು ನನ್ನೋಳು. ನಿಮ್ಮಮ್ಮನ ಮಂದೆಯಿಂದ ಒಂದು ಕೊಡು."

"ಅಯ್ಯೋ, ಅದನ್ನ ನನ್ನ ತಮ್ಮನ ಹೆಂಡ್ತಿ ನೋಡ್ಕೋತಾಳೆ. ಅವಳು ಜಗಳಕ್ಕೆ ಬರ್ತಾಳೆ."

"ನಾನು ಬರಲ್ಲ ಅಂದ್ಕೊಂಡ್ಯಾ?"

"ಕಷ್ಟದ್ದು ಅಂದ್ರೆ ಮಾತು ಕೊಡೋದು, ಹಸಿಂತಾ. ಅದನ್ನ ನಾನು ಮಾಡಿದ್ದೀನಿ. ನೀನು ಬರೀ ಅಲ್ಪಾಕ ಕೊಟ್ರೆ ಸಾಕು."

ಆಗಲೇ ನನಗೊಂದು ದಿವ್ಯ ಉಪಾಯ ಹೊಳೆಯಿತು: ಬಂದವರು ತಾವಾಗಿಯೇ ಬೇಡವೆಂದು ಓಡಬೇಕು.

ರಾಮಿರೊ, ಹೆಂಡತಿ ಗ್ರಸಿಯೇಲಾ ಇಬ್ಬರೂ ಹೊಸ ಟೋಪಿ ಹಾಕಿಕೊಂಡು ಬಂದರು.

"ಬಹಳ ಸುಲಭ, ಸೆನ್ಯೋರಾ," ಎಂದ ಫೌಸ್ತೀನೊ. "ಬೆಳಿಗ್ಗೆ ಬಿಡೋದು, ಸಂಜೆ ಕೂಡಿಹಾಕೋದು."

"ಬೆಳಿಗ್ಗೆಗೂ ಸಂಜೆಗೂ ನಡುವೆ ಇರೋದನ್ನ ನಾನು ಹೇಳ್ತೀನಿ," ಎಂದು ಶುರುಮಾಡಿದೆ. ಆಲಿಕಲ್ಲಿನಲ್ಲಿ ಮಂದೆಯ ಹಿಂದೆ ಓಡುವುದು. ಓಡುತ್ತಲೇ ನೂಲುವುದು. ಒಲೆ ಉರಿಸಲು ಹಿಕ್ಕೆ ಬಾಚಿ ಒಣಗಿಸುವುದು. ಹಿಮದಲ್ಲಿ ಹುಟ್ಟಿದ ಮರಿಯನ್ನು ಲಂಗದೊಳಗೆ ಹಾಕಿಕೊಂಡು ಬೆಚ್ಚಗಿಡುವುದು. ನರಿ. ಕಜ್ಜಿ. ಮುಖಕ್ಕೇ ಬಂದು ಬೀಳುವ ಅವುಗಳ ಹಸಿರು ಉಗುಳು.

ಗ್ರಸಿಯೇಲಾ ಬಿಳಿಚಿಕೊಂಡಳು. ರಾಮಿರೊ ಅವಳ ಬೆನ್ನು ತಟ್ಟಿದ: "ನಿನಗೆ ಅಭ್ಯಾಸ ಆಗುತ್ತೆ ಬಿಡು."

"ನನಗಾ? ಅಲ್ಪಾಕ ಬೇಕು ಅಂತ ಕುಣಿದೋರು ಯಾರು?"

ನನಗೆ ಒಳಗೇ ಹಿಗ್ಗು. ಕೊನೆಯ ಏಟು ಹಾಕಿಯೇಬಿಟ್ಟೆ: "ಇಷ್ಟು ಮಾಡೋಕೆ ಗೊತ್ತಿಲ್ದೋರ ಹತ್ತಿರ ಇವು ಬದುಕಲ್ಲ, ಸೆನ್ಯೋರಾ. ಈ ಬೆಟ್ಟದಲ್ಲಿ ಇಷ್ಟು ಗೊತ್ತಿರೋಳು ನಾನೊಬ್ಬಳೇ."

ಗ್ರಸಿಯೇಲಾ ನನ್ನ ಎರಡೂ ಕೈ ಹಿಡಿದುಕೊಂಡಳು. "ಸತ್ಯ, ಹಸಿಂತಮ್ಮ! ನಿಮ್ಮ ಚಸ್ಕಾ ನಮಗೆ ಬೇಡವೇ ಬೇಡ." ಗಂಡನನ್ನು ಎಳೆದುಕೊಂಡು ಜೀಪು ಹತ್ತಿದಳು. ಆ ರಾತ್ರಿ ನಾನು ಗೆದ್ದ ಸೇನಾಧಿಪತಿಯ ಹಾಗೆ ನಿದ್ದೆ ಮಾಡಿದೆ.

ಮುಂದಿನ ವಾರ ಮಂದೆ ಹೊಡೆದುಕೊಂಡು ಮನೆಗೆ ಬರುತ್ತೇನೆ, ಅಂಗಳದಲ್ಲಿ ಒಂದು ಲಾರಿ. ಅದರಿಂದ ಇಳಿದ ಒಂದು ಹಿಂಡು ಅಲ್ಪಾಕ, ಬಾಯಾರಿ ನಡುಗುತ್ತ ನನ್ನನ್ನೇ ನೋಡುತ್ತಿದ್ದವು.

"ರಾಮಿರೊ ಅವರದ್ದು," ಎಂದ ಫೌಸ್ತೀನೊ. "ಸಂತೆಯಲ್ಲಿ ಕೊಂಡ್ರಂತೆ. ಪಾಲಿಗೆ ಸಾಕೋಕೆ ನಮ್ಮ ಹತ್ತಿರಾನೇ ಬಿಡ್ತಾರಂತೆ. ಹುಟ್ಟೋ ಮರೀಲಿ ಅರ್ಧ ನಮಗೆ. ನೀನು ಹೇಳಿದ್ದು ಆ ಸೆನ್ಯೋರಾಗೆ ಎಷ್ಟು ನಾಟಿದೆ ನೋಡು!"

"ನಾನು ಒಪ್ಪಿದ್ನಾ?"

"ನಿನಗ್ಯಾಕೆ ತೊಂದರೆ ಕೊಡೋದು? ನಾನೇ ಮಾತು ಕೊಟ್ಟೆ."

ಮಾತು ಕೊಟ್ಟವನು ಅವನು. ಬಾಯಾರಿದವು ಮಾತ್ರ ಅಲ್ಪಾಕಗಳು. ಬೈಯುತ್ತ ಹೋಗಿ ನೀರು ತಂದೆ.

ಈಗ ಗ್ರಸಿಯೇಲಾಳ ಗೆಳತಿಯರೂ ಇದೇ ರೀತಿ ಸಾಕಾಣಿಕೆದಾರರಾಗಿದ್ದಾರೆ. ಭಾನುವಾರ ಬಂದು ಮರಿಗಳ ಜೊತೆ ಫೋಟೊ ತೆಗೆಸಿಕೊಂಡು, ನನ್ನ ಒಲೆಯ ಆಲೂಗಡ್ಡೆ ಸೂಪು ಕುಡಿದು ಹೋಗುತ್ತಾರೆ. ಉಪನ್ಯಾಸವೂ ಬಹಳ ಚಿಕ್ಕದಾಗಿದೆ. ನಿನ್ನೆ ಒಬ್ಬ ಹೊಸಬ ಕೇಳಿದ:

"ಮಂದೆ ಶುರುಮಾಡೋಕೆ ಮೊದಲು ಏನು ಬೇಕು, ದೋನ್ ಫೌಸ್ತೀನೊ? ಹುಲ್ಲುಗಾವಲಾ, ನೀರಾ?"

ಫೌಸ್ತೀನೊ ಕಂಬಳಿಯ ಮೇಲಿಂದ ಏಳದೆ, ಹಿಕ್ಕೆ ಬುಟ್ಟಿ ಹೊತ್ತು ಹೋಗುತ್ತಿದ್ದ ನನ್ನನ್ನು ಗದ್ದದಿಂದಲೇ ತೋರಿಸಿದ.

"ಅದು," ಎಂದ.