ಬಿರುಕು ಬಿಟ್ಟ ಹರವಿಯ ಸಂಶೋಧನೆ

ಇಪ್ಪತ್ತೆಂಟು ವರ್ಷ ಚಿತ್ರಕಲೆ ಕಲಿಸಿದವನನ್ನು ಹಿಡಿದು, ನಿನ್ನ ಕೆಲಸದ ವಿಧಾನ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಸಿಟ್ಟು ಬರುವುದು ಸಹಜ. ನನಗಂತೂ ಬರುತ್ತದೆ. ವಿಧಾನ ಇಲ್ಲ ಎಂಬುದು ಗೊತ್ತಾಗಿಬಿಡುತ್ತದಲ್ಲ ಎಂಬ ಹೆದರಿಕೆಗೇ ಸಿಟ್ಟು ಹೆಚ್ಚು ಬರುತ್ತದೆ. ಇದನ್ನು ಹೀಗೇ ಮುಚ್ಚಿಟ್ಟುಕೊಂಡು ಸುಖವಾಗಿ ನಿವೃತ್ತನಾಗಬಹುದಿತ್ತು. ಆದರೆ ಬೆಳಗಾವಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ದಿನ ಪಿಎಚ್.ಡಿ. ಮಾತು ಬಂದು, ಸಹೋದ್ಯೋಗಿಯೊಬ್ಬರು ನನ್ನ ಕಡೆ ತಿರುಗಿ, "ನಿಮಗ ಯಾಕ ಬೇಕ್ರಿ ಸರ್ ಈ ವಯಸ್ಸಿನಾಗ?" ಎಂದರು. ಹಟ ನಮ್ಮ ಮನೆತನದ ಆಸ್ತಿ. ನಮ್ಮ ತಂದೆ ಒಂದೇ ಕೊಡೆಯನ್ನು ಹನ್ನೊಂದು ಸಲ ರಿಪೇರಿ ಮಾಡಿಸಿದವರು. ಐವತ್ಮೂರರ ನಾನು ಮರುವಾರವೇ ಅರ್ಜಿ ಹಾಕಿದೆ.

ಮಾರ್ಗದರ್ಶಕಿಯಾಗಿ ಸಿಕ್ಕವಳು ಪದ್ಮಜಾ. ಕೋಟೆಯ ಹತ್ತಿರದ ಜೈನರ ಮನೆಯ ಹುಡುಗಿ, ಒಂದು ಕಾಲಕ್ಕೆ ನನ್ನ ಶಿಷ್ಯೆ. ಅವಳು ನನ್ನನ್ನು ಸರ್ ಎನ್ನುತ್ತಾಳೆ, ನಾನು ಅವಳನ್ನು ಮೇಡಂ ಎನ್ನುತ್ತೇನೆ, ಇಬ್ಬರೂ ಆಮೇಲೆ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತೇವೆ. "ಸರ್, ಚಿತ್ರ ಬಿಡಿಸಿದ್ರ ಅಷ್ಟಕ್ಕ ಸಂಶೋಧನಾ ಆಗಂಗಿಲ್ರಿ" ಎಂದು ಮೊದಲ ದಿನವೇ ಹೇಳಿದಳು. "ಹ್ಯಾಂಗ ಬಿಡಿಸಿದ್ರಿ, ಎಲ್ಲಿ ತಪ್ಪಿತು, ಯಾಕ ತಿದ್ದಿದ್ರಿ, ಅಷ್ಟೂ ಬರೀಬೇಕ್ರಿ." ನಾನು ತಲೆಯಾಡಿಸಿದೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಸಮಿತಿಯ ಮುಂದೆ ಮೊದಲ ಮಂಡನೆಯಲ್ಲಿ ವಿಧಾನ ಯಾವುದು ಎಂದು ಕೇಳಿದಾಗ, ಗಂಭೀರವಾಗಿ "ಸ್ಫೂರ್ತಿ" ಎಂದೆ. ಎರಡನೆಯ ಸಲವೂ ಹೀಗೇ ಆದರೆ ನೋಂದಣಿ ರದ್ದು ಎಂದು ಪತ್ರ ಬಂತು. ಸ್ಟಾಫ್ ರೂಮಿನಲ್ಲಿ ಆಗಲೇ ಕೆಲವರು ನನ್ನನ್ನು ಡಾಕ್ಟರ್ ಎಂದು ಕರೆಯತೊಡಗಿದ್ದರು, ನಗುತ್ತ.

ನನ್ನ ವಿಷಯ ನೀರು ತುಂಬಿಡುವ ಖಾನಾಪುರದ ಮಣ್ಣಿನ ಹರವಿಗಳು. ಅವುಗಳ ಆಕಾರ ಕಲಿತು, ನನ್ನದೇ ಒಂದು ಹರವಿ ಮಾಡಿ, ಅದಕ್ಕೆ ಹೊಸ ವಿನ್ಯಾಸ ಹಾಕಬೇಕು. ನಲವತ್ತೆರಡು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಖಾನಾಪುರದ ಬಸ್ಸು ಹತ್ತಿದೆ. ಕುಂಬಾರಿಕೆ ಮಾಡುವ ಗಂಗಾಬಾಯಿ, ಊರಿಗೆಲ್ಲ ಕಾಕು, ಅಂಗಳದಲ್ಲಿ ಕೂತಿದ್ದರು. ನನ್ನ ಕೈಯಲ್ಲಿ ಫಾರ್ಮು ಮತ್ತು ಪೆನ್ನು ಕಂಡದ್ದೇ ತಡ, ಒಳಗೆ ಹೋಗಿ ಆಧಾರ್ ಝೆರಾಕ್ಸು, ಎರಡು ಪಾಸ್‌ಪೋರ್ಟ್ ಫೋಟೋ ತಂದು ಮುಂದಿಟ್ಟರು. ತಾಲ್ಲೂಕು ಕಚೇರಿಯಿಂದ ಬಂದವನೆಂದು ತಿಳಿದಿದ್ದರು. ಅಲ್ಲವೆಂದು ನಾನು ಎಷ್ಟು ಹೇಳಿದರೂ, "ಇರ್ಲಿ ಸಾಹೇಬ್ರ, ಹಚ್ಚಿಬಿಡ್ರಿ, ಆಮ್ಯಾಲ ಮತ್ತ ಕೇಳ್ತಾರ" ಎಂದರು. ವಿನ್ಯಾಸದ ಸೌಂದರ್ಯಪ್ರಜ್ಞೆ ಪರಂಪರೆಯಿಂದ ರೂಪುಗೊಂಡಿದೆಯೇ ಎಂಬ ಪ್ರಶ್ನೆಗೆ, "ಇನ್ನೂ ಏನೂ ಬಂದಿಲ್ರಿ, ಎರಡು ಸಲ ಅರ್ಜಿ ಕೊಟ್ಟೇನಿ" ಎಂದು ಉತ್ತರಿಸಿದರು. ನಲವತ್ತೆರಡು ಉತ್ತರಗಳನ್ನೂ ನಾನು ನಿಷ್ಠೆಯಿಂದ ಬರೆದುಕೊಂಡೆ.

ಪದ್ಮಜಾ ಆ ಹಾಳೆಗಳನ್ನು ಓದಿ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. "ಸರ್, ಬರಿಗೈಲೆ ಹೋಗ್ರಿ. ಅವರ ಬಾಜು ಕುಂತು ಕೆಲಸ ಮಾಡ್ರಿ. ದಿನಾ ಏನು ನಡೀತು ಅದನ್ನ ಅವತ್ತ ಬರೀರಿ. ಹೊಡದು ಹಾಕಬ್ಯಾಡ್ರಿ, ಹಾಳಿ ಹರೀಬ್ಯಾಡ್ರಿ" ಎಂದು ಪುಟಗಳಿಗೆಲ್ಲ ನಂಬರು ಹಾಕಿದ ಒಂದು ದಪ್ಪ ನೋಟ್‌ಬುಕ್ ಕೊಟ್ಟಳು. ನಾನು ನಾಲ್ಕು ತಿಂಗಳು ಪ್ರತಿ ಶನಿವಾರ ಹೋದೆ. ಕಾಕು ಮೊದಲ ತಿಂಗಳು ನನಗೆ ಮಣ್ಣು ತುಳಿಯುವುದನ್ನು ಬಿಟ್ಟು ಬೇರೆ ಕೆಲಸ ಕೊಡಲಿಲ್ಲ. ಸಾಹೇಬನಾಗಿದ್ದವನು ಮಾಸ್ತರನಾದೆ, ಆಮೇಲೆ ಬರೀ "ಏ ಮಾಸ್ತರ, ನೀರು ಹಾಕ" ಎನ್ನುವಲ್ಲಿಗೆ ಬಂತು. ನನಗೆ ಅದರಿಂದ ಬಹಳ ಸಂತೋಷವಾಯಿತು. ತಿರುಗುವ ತಿಗರಿಯ ಮೇಲೆ ನನ್ನ ಮಣ್ಣು ಇಪ್ಪತ್ತು ಸಲ ಕುಸಿಯಿತು, ಸೊಂಟ ಹಿಡಿಯಿತು, ಹೆಂಡತಿ ಎಣ್ಣೆ ಹಚ್ಚುತ್ತ, "ಎಷ್ಟು ಓದತೀರಿ ಪಾಪ" ಎಂದಳು. ದಿನಚರಿಯಲ್ಲಿ ಮಾತ್ರ ನಾನು 'ಮೃತ್ತಿಕೆಯೊಡನೆ ಸಂವಾದ ಮುಂದುವರಿಯಿತು' ಎಂದು ಬರೆಯುತ್ತಿದ್ದೆ.

ಕೊನೆಗೂ ಒಂದು ಹರವಿ ನಿಂತಿತು. ಸುಟ್ಟು ಹೊರಗೆ ತೆಗೆದಾಗ ಕಾಕು ಬೆರಳ ಗೆಣ್ಣಿನಿಂದ ಅದನ್ನು ಎರಡು ಸಲ ಬಾರಿಸಿದರು. ಗಟ್ಟಿ ಹರವಿ ಟಣ್ ಎನ್ನಬೇಕು. ನನ್ನದು ದಬ್ ಎಂದಿತು. "ಸೀಳೈತಿ, ತಿಪ್ಪಿಗೆ ಒಗಿ" ಎಂದು ಹೇಳಿ ಮುಂದಿನದಕ್ಕೆ ಕೈ ಹಾಕಿದರು. ಹೊಟ್ಟೆಯ ಹತ್ತಿರ ಕೂದಲಿನಷ್ಟು ಸಣ್ಣ ಬಿರುಕು. ಮಂಡನೆಗೆ ಒಂದೇ ವಾರ ಉಳಿದಿತ್ತು, ಇನ್ನೊಂದು ಮಾಡಿ, ಒಣಗಿಸಿ, ಸುಡಲು ಸಮಯವಿರಲಿಲ್ಲ. ನಾನು ಅದನ್ನು ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಬೆಳಗಾವಿ ಬದಿಯ ಹಿಂಡಲಗಾದ ನನ್ನ ಮನೆಗೆ ತಂದೆ. ಬಿರುಕಿನ ಗುಂಟ ಒಂದು ಹೂಬಳ್ಳಿ ಬಿಡಿಸಿದೆ. ಬಳ್ಳಿ ನಿಜಕ್ಕೂ ಚೆಂದ ಬಂತು. ಆ ಸಂಜೆ ಬಹಳ ದಣಿದಿದ್ದೆ, ದೊಡ್ಡ ಶಬ್ದಗಳು ಹೊಳೆಯಲಿಲ್ಲ. ಹಾಗಾಗಿ ದಿನಚರಿಯಲ್ಲಿ ಹೀಗೆ ಬರೆದು ಮಲಗಿದೆ: 'ಹರವಿ ಸೀಳಿದೆ. ಕಾಕು ಒಗೆಯಲು ಹೇಳಿದರು. ಒಗೆಯಲಿಲ್ಲ. ಮೇಲೆ ಬಳ್ಳಿ ಬಿಡಿಸಿದ್ದೇನೆ. ಯಾರಿಗೂ ತಿಳಿಯುವುದಿಲ್ಲ.'

ಸಮಿತಿಯಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರಿದ್ದರು, ಇದೇ ಸೀಮೆಯವರು. ನಾನು ವಿನ್ಯಾಸದ ಬಗ್ಗೆ ಹತ್ತು ನಿಮಿಷ ನಿರರ್ಗಳವಾಗಿ ಮಾತಾಡಿದೆ. ಅವರು ಎದ್ದು ಬಂದು, ಸಂತೆಯಲ್ಲಿ ಹರವಿ ಕೊಳ್ಳುವ ಯಾರಾದರೂ ಮಾಡುವಂತೆ, ಗೆಣ್ಣಿನಿಂದ ಬಾರಿಸಿದರು. ದಬ್. ಅವರು ಕೂತು, ಮೇಜಿನ ಮೇಲಿದ್ದ ನನ್ನ ದಿನಚರಿಯನ್ನು ಕೊನೆಯಿಂದ ತಿರುವಿದರು. ಆ ಪುಟ ಸಿಕ್ಕಿತು. ಗಟ್ಟಿಯಾಗಿ ಓದಿದರು. ಪದ್ಮಜಾಳ ಮುಖ ನೋಡುವ ಧೈರ್ಯ ನನಗೆ ಆಗಲಿಲ್ಲ. ಎರಡು ವರ್ಷದ ಹಟ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

"ಇಡೀ ವಹಿಯೊಳಗ ನಿಮ್ಮ ಕೆಲಸ ಹ್ಯಾಂಗ ನಡೀತೈತಿ ಅನ್ನೂದು ಇದೊಂದ ಪುಟದಾಗ ಐತ್ರಿ" ಎಂದರು ಅವರು. "ಬಳ್ಳಿ ಅಲ್ಲೇ ಯಾಕ ಬಂತು ಅನ್ನೂದು ಈಗ ಗೊತ್ತಾತು. ಇದನ್ನ ಮುಂದುವರಸ್ರಿ." ಒಪ್ಪಿಗೆ ಸಿಕ್ಕಿತು. ಆದರೆ ವಿಷಯ ಬದಲಾಯಿಸಿದರು: ಚಿತ್ರಕಾರ ತನ್ನ ಕೆಲಸದ ದೋಷಗಳನ್ನು ಮುಚ್ಚುವ ವಿಧಾನಗಳು. ಸಾಮಗ್ರಿ, ನನ್ನ ಇಪ್ಪತ್ತೆಂಟು ವರ್ಷದ ಚಿತ್ರಗಳು.

ದೋಷ ಮುಚ್ಚಿದ ಚಿತ್ರ ಮೂರೋ ನಾಲ್ಕೋ ಸಿಗಬಹುದೆಂದು ಮನೆಯಲ್ಲಿ ಹುಡುಕಲು ಶುರು ಮಾಡಿದೆ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು, ಪಡಸಾಲೆಯಲ್ಲಿ ತೂಗುಹಾಕಿದ ತನ್ನ ಚಿತ್ರದ ಮುಂದೆ ನಿಂತಳು. ಮದುವೆಯಾದ ಹೊಸತರಲ್ಲಿ ನಾನು ಪ್ರೀತಿಯಿಂದ ಬಿಡಿಸಿದ್ದು. "ಒಂದು ಮಾತು ಕೇಳೂದಿತ್ರಿ. ನಾ ಎಂದೂ ಹೂವಿನ ಬುಟ್ಟಿ ಹಿಡದಾಕಿ ಅಲ್ಲ. ಇದರಾಗ ನನ್ನ ಕೈ ಎರಡೂ ಯಾಕ ಬುಟ್ಟಿ ಒಳಗ ಹೋಗ್ಯಾವ?" ಎಂದಳು. ಉತ್ತರ ನನಗೆ ಗೊತ್ತಿತ್ತು, ಯಾರೊಬ್ಬರಿಗೂ ಹೇಳಿರಲಿಲ್ಲ. ನಾಚಿಕೆಯಾಯಿತು, ಆದರೂ ಬಿಡಬಾರದೆಂದು ಅಲ್ಲೇ ಕೂತು ಪ್ರಬಂಧದ ಮೊದಲ ವಾಕ್ಯ ಬರೆದೆ: 'ನನಗೆ ಬೆರಳು ಬಿಡಿಸಲು ಬರುವುದಿಲ್ಲ.'

ಮರುದಿನ ಅದನ್ನು ಪದ್ಮಜಾಳ ಮುಂದಿಟ್ಟು, ನನ್ನ ಸಂಶೋಧನೆಯ ದೊಡ್ಡ ಗುಟ್ಟು ಇದೇ ಎಂದೆ. ಅವಳು ಓದಿ, ಪೆನ್ನು ಕೆಳಗಿಟ್ಟಳು. "ಸರ್, ಇದು ಹೊಸಾ ಮಾಹಿತಿ ಅಲ್ರಿ" ಎಂದಳು ಮೆಲ್ಲಗೆ. "ನಮ್ಮ ಬ್ಯಾಚಿನ ಹದಿನೆಂಟೂ ಮಂದಿ, ಚಿತ್ರದಾಗಿನ ಕೈ ಸೆರಗಿನೊಳಗ ಮುಚ್ಚೇ ಪಾಸಾಗೇವಿ."