ಲೈಸೊಸೋಮ್ ಮತ್ತು ಮೊಸರುವಡೆ

ಗೊತ್ತಿಲ್ಲದ್ದನ್ನು ಕಲಿಸುವಾಗ ಸಿಗುವ ಸುಖ ಗೊತ್ತಿದ್ದದ್ದನ್ನು ಕಲಿಸುವಾಗ ಸಿಗುವುದಿಲ್ಲ. ಗೊತ್ತಿದ್ದವನಿಗೆ ಎಲ್ಲಿ ತಪ್ಪಾದೀತೋ ಎಂಬ ಅಳುಕು. ನಮ್ಮಂಥವರಿಗೆ ಅದೂ ಇಲ್ಲ. ನಾನು ಓದಿದ್ದು ವಾಣಿಜ್ಯ, ಅದನ್ನೂ ಅರ್ಧಕ್ಕೆ ಬಿಟ್ಟು ಕುಂದಾಪುರದಿಂದ ಬಂದು ವೆಸ್ಟ್ ಮಾಂಬಲಂನ ಚಿಕ್ಕಪ್ಪನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕುಳಿತೆ. ಚಿಕ್ಕಪ್ಪ ಹೋದರು, ಮದ್ರಾಸು ಹೋಗಿ ಚೆನ್ನೈ ಆಯಿತು, ನಾನು ಮಾತ್ರ ಗಲ್ಲಾ ಬಿಟ್ಟು ಏಳಲಿಲ್ಲ. ಇಂಥವನು ಮಗಳಿಗೆ ಜೀವಶಾಸ್ತ್ರ ಹೇಳಿಕೊಡಲು ಹೊರಟೆ.

ಒಂಬತ್ತನೆಯ ತರಗತಿಯ ನಮ್ಮ ಶುಭಾ ಆ ವಿಷಯದಲ್ಲಿ ಫೇಲಾಗಿದ್ದಳು. ಸುದ್ದಿ ತಂದವರು ಅವಳ ಟೀಚರೇ. ಶಾಲೆ ಮುಗಿಸಿ ರೈಲು ಹಿಡಿಯುವ ಮುಂಚೆ ದಿನಾ ಸಂಜೆ ನಮ್ಮಲ್ಲಿ ಫ್ಯಾನಿನ ಕೆಳಗೆ ಕುಳಿತು ಒಂದು ಮೊಸರುವಡೆ ತಿನ್ನುವುದು ಅವರ ನೇಮ. ಅರ್ಧವಾರ್ಷಿಕದಲ್ಲೂ ಹೀಗೇ ಆದರೆ ಹುಡುಗಿ ಒಂಬತ್ತರಲ್ಲೇ ಇನ್ನೊಂದು ವರ್ಷ ಕೂರಬೇಕಾದೀತು ಎಂದರು. ನಾನು ಅವರ ವಡೆಯ ಮೇಲೆ ಬೂಂದಿಕಾಳು ಹೆಚ್ಚು ಹಾಕಿಸಿದೆ. ಅವರು ಬೂಂದಿ ತಿಂದರು, ಮಾತು ಮಾತ್ರ ಬದಲಿಸಲಿಲ್ಲ. ನನ್ನ ಹೆಂಡತಿಗೆ ಆ ದಿನ ಊಟ ಸೇರಲಿಲ್ಲ. ನನಗೆ ಊಟ ಸೇರಿತು, ನಿದ್ದೆ ಬರಲಿಲ್ಲ.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಹೋಟೆಲಿಗೆ ಒಂದಿಷ್ಟು ಬಿಡುವು. ಒಂದು ಭಾನುವಾರ ಆ ಹೊತ್ತಿನಲ್ಲಿ ಶುಭಾಳನ್ನು ಮೂಲೆಯ ಮೇಜಿಗೆ ಕೂರಿಸಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುವುದು ನಮ್ಮ ಮನೆಯ ಪದ್ಧತಿ.

“ಎಂತ ಅರ್ಥ ಆತಿಲ್ಲೆ ಮಗಾ?”

“ಒಣ್ಣುಮೇ ಪುರಿಯಲೆಪ್ಪಾ,” ಎಂದಳು. ಏನೂ ಅಂದರೆ ಏನೂ ಅರ್ಥವಾಗಿರಲಿಲ್ಲ.

ಪುಸ್ತಕದ ಚಿತ್ರ ನೋಡಿದೆ. ದುಂಡಗಿನ ಒಂದು ಗೆರೆ, ಅದರೊಳಗೆ ಏನೇನೋ ಚೆಲ್ಲಾಪಿಲ್ಲಿ. ಶನಿವಾರ ಸಂಜೆಯ ನಮ್ಮ ಅಡುಗೆಮನೆಯೇ ಕಣ್ಣಿಗೆ ಕಟ್ಟಿತು.

“ಇದ್ ನಮ್ ಹೋಟ್ಲೇ ಅಲ್ದಾ! ಈ ಹೊರಗಿನ ಪೊರೆ ನಮ್ ಬಾಗ್ಲ್. ಒಳ್ಗೆ ಬೇಕಾದ್ದನ್ನ್ ಮಾತ್ರ ಬಿಡೂದು. ಈ ಮೈಟೊಕಾಂಡ್ರಿಯ ನಮ್ ಒಲೆ. ಈ ಸಣ್ ಸಣ್ ಕಾಳೆಲ್ಲ ರೈಬೊಸೋಮ್, ನಮ್ ವಾಸಣ್ಣ ಇದ್ದಂಗೆ. ಹೇಳಿದ್ ದೋಸೆ ಹೊಯ್ದ್ ಕೊಡೂದು.”

ದೋಸೆಕಲ್ಲಿನ ಹತ್ತಿರದಿಂದ ವಾಸಣ್ಣ ಇಣುಕಿ ನೋಡಿದರು. ಗಾಲ್ಗಿ ಎಂಬುದು ಪಾರ್ಸೆಲ್ ಕಟ್ಟುವ ಮೇಜು, ಚಟ್ನಿ ಬೇರೆ ಸಾಂಬಾರ್ ಬೇರೆ ಕಟ್ಟಿ ಹೊರಗೆ ಕಳಿಸುವುದು ಎಂದೆ. ನ್ಯೂಕ್ಲಿಯಸ್ ಬಂದಾಗ ಅಂಗಿಯ ಕಾಲರು ಸರಿಮಾಡಿಕೊಂಡೆ. “ಅದ್ ಗಲ್ಲಾದ್ ಮೇಲೆ ಕೂಕಂಡ್ ಎಲ್ಲರಿಗೂ ಅಪ್ಪಣೆ ಕೊಡೂದು. ಅದಿಲ್ದಿದ್ರೆ ಇಡೀ ಕೋಶವೇ ಸತ್ತ್ ಹೋತ್ತ್.”

ಲೈಸೊಸೋಮಿನ ಹತ್ತಿರ ನನ್ನ ಪಾಂಡಿತ್ಯ ಮುಗ್ಗರಿಸಿತು. ಹಳತನ್ನು ಕರಗಿಸಿ ಮತ್ತೆ ಉಪಯೋಗಕ್ಕೆ ತರುವ ಅಂಗವಂತೆ. ಉದಾಹರಣೆಗಾಗಿ ಅತ್ತಿತ್ತ ನೋಡಿದೆ. ವಾಸಣ್ಣ ಆಗಷ್ಟೆ ಬೆಳಿಗ್ಗೆ ಖರ್ಚಾಗದೆ ಉಳಿದ ಉದ್ದಿನವಡೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಸಂಜೆಯ ಮೊಸರಿಗೆ ಬಿಡುತ್ತಿದ್ದರು. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ; ಪಾಪವೇನಲ್ಲ, ರುಚಿಗೆ ಒಳ್ಳೆಯದೇ. ಆದರೆ ತಿನ್ನುವವರು ಕೇಳುವುದಿಲ್ಲ, ಬಡಿಸುವವರು ಹೇಳುವುದಿಲ್ಲ.

“ಅಗಾ, ಅದೇ ಲೈಸೊಸೋಮ್!” ಎಂದು ಬೆರಳು ಮಾಡಿ ತೋರಿಸಿದೆ.

ಶುಭಾ ಬಿದ್ದು ಬಿದ್ದು ನಕ್ಕಳು. “ಇಪ್ಪೊ ಪುರಿಂಜುದುಪ್ಪಾ!” ಪಾಠ ತಲೆಗೆ ಹೋಯಿತೆಂದು ನನಗೆ ಹಿಗ್ಗೋ ಹಿಗ್ಗು.

ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಟೀಚರು ಬಂದವರು ಫ್ಯಾನಿನ ಕೆಳಗೆ ಹೋಗದೆ ನೇರ ಗಲ್ಲಾದ ಮುಂದೆ ನಿಂತರು. ಕೈಯಲ್ಲಿ ಶುಭಾಳ ಉತ್ತರಪತ್ರಿಕೆ.

“ಸಾರ್, ಲೈಸೊಸೋಮುಕ್ಕು ಫುಲ್ ಮಾರ್ಕ್,” ಎಂದು ಶುರುಮಾಡಿದರು. ಬೆಳಗಿನ ವಡೆ ಸಂಜೆಯ ಮೊಸರುವಡೆಯಾಗುವ ಕ್ರಮವನ್ನು ಹುಡುಗಿ ಬಿಸಿನೀರಿನ ಸಮೇತ ಬರೆದಿದ್ದಳು. ಇಷ್ಟು ಚೆನ್ನಾಗಿ ಪುಸ್ತಕದಲ್ಲೂ ಇಲ್ಲ ಎಂದರು ಟೀಚರು. ಹುಡುಗಿ ಪಾಸು! ನನಗೆ ಕಣ್ಣು ತುಂಬಿ ಬಂತು. ಅದೇ ಉಸಿರಿನಲ್ಲಿ ಅವರು ಒಂದು ಪ್ಲೇಟ್ ಇಡ್ಲಿಗೆ ಹೇಳಿ, ಬೆಳಗಿನದಲ್ಲ ತಾನೇ ಎಂದು ಕೇಳಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇಡ್ಲಿ ಬರುವವರೆಗೆ ಶುಭಾ ಬರೆದ ನ್ಯೂಕ್ಲಿಯಸ್ಸಿನ ಉತ್ತರವನ್ನೂ ಓದಿ ಹೇಳಿದರು: ನ್ಯೂಕ್ಲಿಯಸ್ ಇಲ್ಲದೆ ಕೋಶ ಬದುಕದು ಎನ್ನುತ್ತಾರೆ ನಮ್ಮಪ್ಪ. ಆದರೆ ಬಲಿತ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ಸೇ ಇಲ್ಲ, ಆದರೂ ಮೈಗೆಲ್ಲ ಪ್ರಾಣವಾಯು ಹೊತ್ತು ತಿರುಗುತ್ತದೆ. ಅಪ್ಪ ಕೋಯಂಬೇಡಿಗೆ ತರಕಾರಿ ತರಲು ಹೋದಾಗ ನಮ್ಮ ಹೋಟೆಲೂ ಹೀಗೇ.

“ಉಣ್ಮೆಯಾ ಸಾರ್?” ಇದು ನಿಜವೇ ಎಂದು ಟೀಚರು ಕೇಳಿದಾಗ ನಾನು ವಾಸಣ್ಣನ ಮುಖ ನೋಡಿದೆ. ಅವರಿಗೆ ಇದ್ದಕ್ಕಿದ್ದಂತೆ ದೋಸೆಕಲ್ಲು ಒರೆಸುವ ಕೆಲಸ ಬಂತು.

ಮರುದಿನ ಕೋಯಂಬೇಡಿನಿಂದ ಬಂದವನು ಬದನೆಕಾಯಿ ಚೀಲ ಹಿಡಿದು ಬಾಗಿಲಲ್ಲೇ ನಿಂತು ನೋಡಿದೆ. ಎಲ್ಲ ಮೇಜೂ ತುಂಬಿತ್ತು, ಕಾಫಿ ಬಿಸಿಯಾಗಿ ಹೋಗುತ್ತಿತ್ತು, ಯಾರೂ ಯಾರನ್ನೂ ಗದರುತ್ತಿರಲಿಲ್ಲ. ವಾಸಣ್ಣ ಏನೋ ಗುನುಗುತ್ತಿದ್ದರು. ಅವರು ಗುನುಗುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಗಲ್ಲಾದಲ್ಲಿದ್ದ ಹೆಂಡತಿ ನನ್ನನ್ನು ಕಂಡು ಬಾಗಿಲಿಗೆ ಬಂದಳು.

“ಎಂತಕೆ ಇಲ್ಲೇ ನಿಂತದ್ದ್? ಬದ್ನಿಕಾಯಿ ಇತ್ಲಾಗ್ ಕೊಟ್ಟ್, ಒಂಚೂರ್ ತಿರ್ಗಾಡ್ಕಂಡ್ ಬನ್ನಿ,” ಎಂದು ಚೀಲ ತೆಗೆದುಕೊಂಡು ಒಳಗೆ ಹೋದಳು.

ಕೋಶದ ಪೊರೆ ಬೇಕಾದ್ದನ್ನು ಮಾತ್ರ ಒಳಗೆ ಬಿಡುತ್ತದೆ ಎಂದು ಹೇಳಿಕೊಟ್ಟವನು ನಾನೇ.